ಅವ್ವ ಕುರ್ಚಿಯಿಂದ ಎದ್ದ ಮಧ್ಯಾಹ್ನ

ದೆವ್ವ, ಭೂತ, ಮೈಮೇಲೆ ಬರುವುದು, ಎಲ್ಲೋ ಇದ್ದವರು ಇನ್ನೆಲ್ಲೋ ಕಾಣಿಸಿಕೊಳ್ಳುವುದು, ಇಂಥ ಮಾತು ತೆಗೆದವರನ್ನು ನಾನು ಎದುರಿಗೇ ನಕ್ಕು ಕಳಿಸಿದವಳು. ಬ್ಯಾಂಕಿನ ಕೌಂಟರಿನಲ್ಲಿ ಕೂತು ವರ್ಷಾನುಗಟ್ಟಲೆ ಜನರ ಸಹಿ ತಾಳೆ ನೋಡಿದ ಕಣ್ಣು ನನ್ನದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆಯನ್ನು ನಾನು ಬಾಯಲ್ಲಿ ಹೇಳುತ್ತಿದ್ದುದಕ್ಕಿಂತ ಕೆಲಸದಲ್ಲಿ ಮಾಡಿದ್ದೇ ಹೆಚ್ಚು. ಹಾಗಾಗಿ ಈಗ ಬರೆಯಲು ಹೊರಟಿದ್ದನ್ನು ಬೇರೆ ಯಾರಾದರೂ ಹೇಳಿದ್ದರೆ, ತಾಯಿ, ಬಿಸಿಲು ತಲೆಗೇರಿದೆ, ಸ್ವಲ್ಪ ಮಜ್ಜಿಗೆ ಕುಡಿ ಅಂದುಬಿಡುತ್ತಿದ್ದೆ. ನೀವೂ ಹಾಗೆ ಅಂದರೆ ನನಗೇನೂ ಬೇಸರವಿಲ್ಲ.

ನಾವು ಗದಗದ ಕಡೆಯವರು. ಅಪ್ಪನಿಗೆ ನಾಗಪುರದ ಅಂಚಿನ ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಬಂದೆವು. ನಾನೂ ಅಣ್ಣನೂ ಅಲ್ಲಿಯ ಕಾಲನಿಯಲ್ಲೇ ಬೆಳೆದೆವು. ಮುಂದೆ ಅಣ್ಣನಿಗೂ ಅದೇ ಸ್ಥಾವರದಲ್ಲಿ ನೌಕರಿಯಾಯಿತು, ಅಪ್ಪ ತೀರಿಕೊಂಡರು, ಅವ್ವ ಅಣ್ಣನ ಕ್ವಾರ್ಟರ್ಸಿನಲ್ಲಿ ಉಳಿದಳು. ನಾನು ಮದುವೆಯಾಗಿ ಊರಿನ ಇನ್ನೊಂದು ತುದಿಗೆ, ಬಜಾಜ್ ನಗರದ ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದೆ. ಅದಕ್ಕೆ ಲಿಫ್ಟಿಲ್ಲ.

ಅವ್ವನಿಗೆ ಎಪ್ಪತ್ತೈದು ದಾಟಿತ್ತು. ಆದರೆ ಆಕೆ ಕೂತ ಕಡೆ ಕೂರುವ ಜೀವವಲ್ಲ. ಬೆಳಿಗ್ಗೆ ಎದ್ದು ದೇವಿಯ ಗುಡಿಯವರೆಗೆ ನಡೆದು ಬರುವಳು. ಬಂದು ತಾನೇ ನೀರು ಕಾಯಿಸಿ ಸ್ನಾನ ಮಾಡಿ, ಜೋಳದ ಹಿಟ್ಟು ನಾದಿ, ಮನೆಮಂದಿಗೆಲ್ಲ ಪಟಪಟ ರೊಟ್ಟಿ ಬಡಿಯುವಳು. ಸಂತೆಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಚೌಕಾಸಿಗೆ ನಿಂತರೆ ಮಾರುವವನೇ ಕೈ ಮುಗಿಯಬೇಕು. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಕೆಟ್ಟವಳಲ್ಲ. ಆದರೆ ರೊಟ್ಟಿ ಮಾಡಲು ಬಾರದು, ಅವ್ವ ಮಾಡಿದ್ದನ್ನು ಎರಡು ಹೆಚ್ಚೇ ತಿನ್ನುವಳು.

ಆ ವರ್ಷ ಚಳಿಗಾಲದಲ್ಲಿ ಅವ್ವನಿಗೆ ಮಲದಲ್ಲಿ ರಕ್ತ ಹೋಗತೊಡಗಿತು. ಮೂಲವ್ಯಾಧಿ ಅಂತ ಮನೆಮದ್ದು ಮಾಡಿ, ಕೊನೆಗೆ ದುರ್ಬೀನು ಹಾಕಿ ನೋಡಿಸಿದಾಗ ದೊಡ್ಡ ಕರುಳಿನಲ್ಲಿ ಗಡ್ಡೆ ಅಂದರು. ಕ್ಯಾನ್ಸರ್. ಇನ್ನೂ ಬೇರೆ ಕಡೆ ಹಬ್ಬಿಲ್ಲ, ಆಪರೇಷನ್ ಮಾಡಿ ತೆಗೆಯಬಹುದು, ಆಮೇಲೆ ಕಿಮೋ ಕೊಡಬಹುದು ಅಂತ ರಿಪೋರ್ಟು ನೋಡಿದವರು ಹೇಳಿದ್ದರು. ಆದರೆ ವಯಸ್ಸಾದವರಿಗೆ ಅಷ್ಟು ದೊಡ್ಡ ಚಿಕಿತ್ಸೆ ತಡೆದುಕೊಳ್ಳಲಾದೀತೇ ಇಲ್ಲವೇ ಎಂದು ಮೊದಲು ನೋಡಬೇಕಂತೆ. ಅದಕ್ಕೆ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿಯ ಡಾಕ್ಟರ್ ಚಿಕ್ಕ ವಯಸ್ಸಿನವರು, ಮರಾಠಿಯವರು, ಸಜ್ಜನರು. ನಾವು ವಯಸ್ಸು ನೋಡಿ ತೀರ್ಮಾನ ಮಾಡುವುದಿಲ್ಲ, ಶಕ್ತಿ ನೋಡಿ ಮಾಡುತ್ತೇವೆ ಎಂದರು. ಎಂಬತ್ತರವರೂ ಗಟ್ಟಿ ಇರುತ್ತಾರೆ, ಅರವತ್ತರವರೂ ಕುಸಿದಿರುತ್ತಾರೆ, ಅದಕ್ಕೇ ಕೆಲವು ಪ್ರಶ್ನೆ ಕೇಳಿ, ಎದ್ದು ನಡೆಸಿ ನೋಡುತ್ತೇವೆ ಎಂದರು. ಮಾತು ನ್ಯಾಯವಾಗಿತ್ತು. ನನಗೆ ಬಹಳ ಸಮಾಧಾನವಾಯಿತು. ಈ ಪರೀಕ್ಷೆಯಲ್ಲಿ ನನ್ನ ಅವ್ವ ಪಾಸಾಗದಿದ್ದರೆ ಇನ್ಯಾರು ಪಾಸಾಗಬೇಕು ಅಂದುಕೊಂಡೆ.

ಪ್ರಶ್ನೆ ಶುರುವಾಯಿತು. ಉತ್ತರ ಕೊಟ್ಟವನು ಅಣ್ಣ. ತಾಯಿ ತಾವೇ ಸ್ನಾನ ಮಾಡುತ್ತಾರೆಯೇ? ಛೆ ಛೆ, ನನ್ನ ಹೆಂಡತಿ ಮಾಡಿಸುತ್ತಾಳೆ. ಅಡುಗೆ? ಅಡುಗೆಮನೆ ಕಡೆ ಕಾಲಿಡಲು ಬಿಡುವುದಿಲ್ಲ. ಹೊರಗೆ ಒಬ್ಬರೇ ಹೋಗುತ್ತಾರೆಯೇ? ನಾವು ಬದುಕಿರುವಾಗ ಒಬ್ಬರನ್ನೇ ಯಾಕೆ ಕಳಿಸೋಣ ಡಾಕ್ಟರ್? ಮೆಟ್ಟಿಲು? ನೆಲಮಹಡಿಯ ಕೋಣೆ ಅವರಿಗೇ ಕೊಟ್ಟಿದ್ದೇವೆ. ಔಷಧಿ ನೆನಪಿಟ್ಟು ತಗೋತಾರಾ? ಎಲ್ಲಾ ಕೈಗೇ ಕೊಡುತ್ತೇವೆ, ಒಂದು ಲೋಟ ನೀರು ಕೂಡ ಎತ್ತಲು ಬಿಡುವುದಿಲ್ಲ. ಪ್ರತಿ ಉತ್ತರಕ್ಕೂ ವೈನಿ ತಲೆಯಾಡಿಸಿದಳು. ನಮ್ಮ ಜನರಲ್ಲಿ ಇದು ಹೆಮ್ಮೆಯ ಮಾತು ತಾನೆ? ಹೆತ್ತವರ ಸೇವೆಯನ್ನು ನಾಲ್ಕು ಜನರೆದುರು ಹೇಳುವುದೇ ಹೀಗೆ. ಮದುವೆಮನೆಯಲ್ಲಿ ಹೇಳಿದ್ದರೆ ಎಲ್ಲರೂ, ಮಗ ಅಂದರೆ ಹೀಗಿರಬೇಕು ಅನ್ನುತ್ತಿದ್ದರು. ಡಾಕ್ಟರಿಗೆ ಆ ಮಾತು ಬೇರೆಯಾಗಿ ಕೇಳಿಸಿತು. ಈ ಮುದುಕಿಗೆ ಸ್ನಾನ ಮಾಡಲಾಗದು, ಅಡುಗೆ ಮಾಡಲಾಗದು, ಹೊರಗೆ ಹೋಗಲಾಗದು, ನೀರಿನ ಲೋಟ ಎತ್ತಲಾಗದು.

ನಾನು ಹಿಂದೆ ನಿಂತಿದ್ದವಳು ತಡೆಯಲಾರದೆ, ಡಾಕ್ಟರ್, ಇವತ್ತು ಬೆಳಿಗ್ಗೆ ನನಗೂ ರೊಟ್ಟಿ ಬಡಿದು ಬಡಿಸಿದ್ದು ಈಕೆಯೇ ಅಂದೆ. ಅಣ್ಣ ತಿರುಗಿ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಈಕಿ ಬ್ಯಾರೆ ಮನ್ಯಾಗ ಇರ್ತಾಳ್ರಿ, ಯಾವಾಗರ ಬಂದು ಹೋಗ್ತಾಳ" ಎಂದು ನನಗೆ ಕೇಳುವಂತೆ ಕನ್ನಡದಲ್ಲೂ, ಡಾಕ್ಟರಿಗೆ ತಿಳಿಯುವಂತೆ ಮರಾಠಿಯಲ್ಲೂ ಹೇಳಿದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಮುಗಿಯಿತು.

ಕೊನೆಗೆ ಡಾಕ್ಟರ್ ತಾವೇ ಎದೆಯ ಮೇಲೆ ಕೈ ಕಟ್ಟಿಕೊಂಡು, ಕೈ ಊರದೆ ಕುರ್ಚಿಯಿಂದ ಎದ್ದು ತೋರಿಸಿ, ಆಜಿ, ಹೀಗೆ ಎದ್ದು ಬಾಗಿಲವರೆಗೆ ನಡೆದು ಬನ್ನಿ ಎಂದರು. ಅವ್ವ ಸೆರಗು ಸರಿಮಾಡಿಕೊಂಡು ಏಳಲು ಹೊರಟಳು. ಅಷ್ಟರಲ್ಲಿ ಈ ಕಡೆಯಿಂದ ಅಣ್ಣ, ಆ ಕಡೆಯಿಂದ ವೈನಿ, "ಸಾವಕಾಶ, ಸಾವಕಾಶ" ಎನ್ನುತ್ತ ರಟ್ಟೆ ಹಿಡಿದರು. ಇಬ್ಬರ ನಡುವೆ ಸಿಕ್ಕಿ ಆಕೆ ತೂಗಾಡಿದಳು. ಬಿದ್ದಾಳು ಎಂದು ಹೆದರಿ ಮತ್ತೆ ಕೂರಿಸಿಯೇಬಿಟ್ಟರು. ಡಾಕ್ಟರ್ ಸಾಕು ಬಿಡಿ ಅಂದರು. ಅವ್ವ ನೆಲ ನೋಡುತ್ತಾ ಕೂತಳು. ಸಂತೆಯಲ್ಲಿ ಊರಿಗೇ ಕೇಳುವಂತೆ ಕೂಗುವ ಹೆಂಗಸು ಅಲ್ಲಿ ಯಾಕೆ ಬಾಯಿ ಬಿಡಲಿಲ್ಲವೋ ಎಂದು ನನಗೆ ಸಿಟ್ಟೇ ಬಂದಿತ್ತು.

ಆಪರೇಷನ್ ತಡೆದುಕೊಳ್ಳಲಾರರು, ಕಿಮೋ ಅಂತೂ ಬೇಡವೇ ಬೇಡ, ನೋವು ಬಾರದಂತೆ ನೋಡಿಕೊಳ್ಳೋಣ ಎಂದು ತೀರ್ಮಾನವಾಯಿತು. ಅಣ್ಣ ಹೊರಗೆ ಬಂದು ಕಣ್ಣೊರೆಸಿಕೊಂಡ. ಅವನ ದುಃಖ ಸುಳ್ಳಲ್ಲ. ಅವನಿಗೆ ತಾನೇನು ಮಾಡಿದೆ ಎಂಬುದೇ ತಿಳಿದಿರಲಿಲ್ಲ. ನಾನು ಹೇಳಿದರೆ, ಡಾಕ್ಟರಿಗಿಂತ ನೀನು ಶಾಣ್ಯಾಕಿ ಏನು ಎಂದು ಹರಿಹಾಯ್ದ. ಅವ್ವನಿಗೆ ರೋಗದ ಹೆಸರು ಹೇಳಬಾರದು ಎಂದು ಆಣೆ ಹಾಕಿಸಿದ. ಕರುಳಿನ ಹುಣ್ಣು, ಮಾತ್ರೆಗೆ ಹೋಗುತ್ತೆ ಎಂದು ಆಕೆಗೆ ಹೇಳಿದರು.

ಅಂದಿನಿಂದ ಅವ್ವನನ್ನು ಮಲಗಿಸಿದರು. ಮಂಚಕ್ಕೆ ಪಕ್ಕದಲ್ಲಿ ಸರಳು ಹಾಕಿಸಿದರು. ರೊಟ್ಟಿ ಬಡಿಯುವ ಮರದ ಹರಿವಾಣ, ಕೊಣಮಿಗೆ, ಅಟ್ಟ ಸೇರಿತು. ಗುಡಿಗೆ ನಡೆಯುವುದು ನಿಂತಿತು, ಗಂಜಿ ಚಮಚದಲ್ಲಿ ಬಾಯಿಗೆ ಬರತೊಡಗಿತು. ನೋಡಲು ಬಂದವರೆಲ್ಲ, ಎಂಥಾ ಮಗ, ಎಂಥಾ ಸೊಸೆ ಎಂದು ಹೊಗಳಿ ಹೋದರು. ಒಂದು ದಿನ ಬೇರೆ ಯಾರೂ ಇಲ್ಲದಾಗ ಅವ್ವ ನನ್ನ ಕೈ ಹಿಡಿದು, "ಖರೇ ಹೇಳ ಯವ್ವಾ, ದೊಡ್ಡ ಬ್ಯಾನಿನ ಹೌದಿಲ್ಲೋ?" ಅಂದಳು. ನಾನು ಆಣೆ ಮುರಿದು ತಲೆಯಾಡಿಸಿದೆ. "ಔಷಧ ಇಲ್ಲೇನು ಅದಕ್ಕ?" ಅಂದಳು. ಐತಿ, ಆದರೆ ನಿನಗೆ ಶಕ್ತಿ ಸಾಲದು ಅಂತಾರೆ ಅಂದೆ. "ನಂಗ ಇನ್ನೂ ಸಾಯಾಕ ಮನಸಿಲ್ಲ ನೋಡ" ಅಂದಳು. ಎಪ್ಪತ್ತೈದಾದರೆ ಸಾಯಲು ಮನಸ್ಸು ಇರಬೇಕು ಅಂತ ಯಾರು ಹೇಳಿದ್ದಾರೋ! ಅಷ್ಟು ನೇರವಾಗಿ ಆಕೆ ಬೇರೇನನ್ನೂ ನನ್ನಲ್ಲಿ ಕೇಳಿದ್ದಿಲ್ಲ.

ಇನ್ನು ಆ ಮಧ್ಯಾಹ್ನದ ಮಾತು. ಮೇ ತಿಂಗಳು. ನಾಗಪುರದ ಮೇ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಊಟದ ಹೊತ್ತು ದಾಟಿದರೆ ರಸ್ತೆಯಲ್ಲಿ ನಾಯಿ ಕೂಡ ಇರುವುದಿಲ್ಲ. ಬ್ಯಾಂಕಿಗೆ ರಜೆಯ ಶನಿವಾರ. ಯಜಮಾನರು ರೈಲ್ವೆ ಕೆಲಸದ ಮೇಲೆ ಊರಲ್ಲಿರಲಿಲ್ಲ. ನಾನು ಕೂಲರ್ ಮುಂದೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ, ಮಲಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ.

ಬಾಗಿಲ ಗಂಟೆ ಸದ್ದು ಮಾಡಿತು. ತೆರೆದರೆ ಅವ್ವ.

ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಮುಖ ಕೆಂಪಗಾಗಿ, ಬೆವರು ಇಳಿಯುತ್ತಾ ನಿಂತಿದ್ದಳು. "ಅವ್ವಾ! ಒಬ್ಬಾಕಿನ ಬಂದೇನು? ಈ ಬಿಸಲಾಗ?" ಎಂದು ಕೂಗಿದೆ. "ಮದ್ಲ ಒಳಗ ಬಿಡ್ತೀಯೋ ಇಲ್ಲೇ ನಿಂದರಸಿ ಕೇಳ್ತೀಯೋ?" ಅಂದಳು. ಹಾಗೆ ಗದರುವವಳು ಅವಳೊಬ್ಬಳೇ. ಕೋರಾಡಿಯಿಂದ ಬಸ್ಸಿನಲ್ಲಿ ಊರ ನಡುವಿನ ಬರ್ಡಿಗೆ ಬಂದು, ಅಲ್ಲಿ ಇನ್ನೊಂದು ಹಿಡಿದು ಬಂದೆ ಅಂದಳು. ಲೂ ಎನ್ನುವ ಬಿಸಿಗಾಳಿ ಬಡಿಯದಿರಲೆಂದು ಇಲ್ಲಿಯವರು ಮಾಡುವಂತೆ ಸೆರಗಿನ ಗಂಟಿನಲ್ಲಿ ಒಂದು ಉಳ್ಳಾಗಡ್ಡಿ ಕಟ್ಟಿಕೊಂಡಿದ್ದಳು. ನೀರು ಕೊಟ್ಟೆ. ಕುಡಿದಳು. ಇನ್ನೊಂದು ಲೋಟ ಕೇಳಿ ಅದನ್ನೂ ಗಟಗಟ ಕುಡಿದಳು.

ಆಮೇಲೆ ಊಟದ ಮೇಜಿನ ಬಳಿಯ ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತಳು. "ಅವತ್ತ ಆ ಡಾಕ್ಟರ ಹ್ಯಾಂಗ ಏಳಂದ? ಹಿಂಗಿಲ್ಲೋ?" ಎಂದು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡಳು. ಎದ್ದಳು. ಕೂತಳು. ಮತ್ತೆ ಎದ್ದಳು. ಏದುಸಿರಿಲ್ಲ, ಕಾಲು ನಡುಗಲಿಲ್ಲ. ಬಾಗಿಲವರೆಗೆ ನಡೆದು ತಿರುಗಿ ಬಂದಳು. "ನೋಡಿದೀ?" ಅಂದಳು. ನೋಡಿದೆ ಅಂದೆ. "ಬರೋಬರ್ ಐತಿಲ್ಲೋ?" ಬರೋಬರ್ ಐತಿ ಅಂದೆ. "ಹಂಗಾರ ಹೇಳ ಅವರಿಗೆ" ಅಂದಳು. ನನಗೆ ಅಳು ಬಂತು, ಸಂತೋಷಕ್ಕೆ. ಸೋಮವಾರವೇ ರಜೆ ಹಾಕಿ ಈಕೆಯನ್ನು ನಾನೇ ಆಸ್ಪತ್ರೆಗೆ ಕರೆದೊಯ್ಯುತ್ತೇನೆ, ಯಾವನು ತಡೆಯುತ್ತಾನೋ ನೋಡುತ್ತೇನೆ ಅಂದುಕೊಂಡೆ. ಸ್ವಲ್ಪ ಅಡ್ಡಾಗತೇನಿ ಎಂದು ಅವ್ವ ಒಳಕೋಣೆಗೆ ಹೋದಳು.

ನಾನು ಅಣ್ಣನಿಗೆ ಫೋನು ಹಚ್ಚಿದೆ. ಸಿಟ್ಟು ನೆತ್ತಿಗೇರಿತ್ತು. ಮನೆಯಲ್ಲಿ ಇಷ್ಟು ಜನ ಇದ್ದುಕೊಂಡು ಈ ಉರಿಬಿಸಿಲಲ್ಲಿ ಒಬ್ಬಳನ್ನೇ ಬಸ್ಸು ಹತ್ತಿಸಿದ್ದೀರಲ್ಲ, ಇದೇ ಏನು ನಿಮ್ಮ ಸೇವೆ ಎಂದು ಬೈದೆ. ಆ ಕಡೆಯಿಂದ, "ನಿನಗೇನ ಹುಚ್ಚಗಿಚ್ಚ ಹಿಡದೈತೇನು? ಅವ್ವ ಇಲ್ಲೇ ಅದಾಳ, ನಿದ್ದಿ ಮಾಡಾಕತ್ಯಾಳ" ಅಂದ. ಸುಳ್ಳು ಅಂದೆ. ಅವನು ಫೋನನ್ನು ವಿಡಿಯೋಗೆ ಹಾಕಿ ಮಂಚದ ಕಡೆ ತಿರುಗಿಸಿದ. ಸರಳು ಹಾಕಿದ ಮಂಚದಲ್ಲಿ, ಬಾಯಿ ಸ್ವಲ್ಪ ತೆರೆದು, ಅವ್ವ ಮಲಗಿದ್ದಳು. ಮೈಮೇಲೆ ನೈಟಿ. ಎದೆ ಜೋರಾಗಿ ಏರಿ ಇಳಿಯುತ್ತಿತ್ತು.

ಫೋನು ಕೈಯಲ್ಲಿ ಹಿಡಿದುಕೊಂಡೇ ಒಳಕೋಣೆಗೆ ಹೋದೆ. ಯಾರೂ ಇರಲಿಲ್ಲ. ಹಾಸಿಗೆಯ ಚಾದರ ಬೆಳಿಗ್ಗೆ ನಾನು ಹಾಸಿದ ಹಾಗೇ ಇತ್ತು. ಬಚ್ಚಲು ನೋಡಿದೆ, ಬಾಲ್ಕನಿ ನೋಡಿದೆ, ನಾಚಿಕೆಬಿಟ್ಟು ಮಂಚದ ಕೆಳಗೂ ಬಗ್ಗಿ ನೋಡಿದೆ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಮೇಜಿನ ಮೇಲೆ ಲೋಟವಿತ್ತು, ಆದರೆ ಲೋಟ ಸಾಕ್ಷಿಯಲ್ಲ, ನಾನೇ ಕುಡಿದಿಟ್ಟಿರಬಹುದು. ಕುರ್ಚಿ ಎಳೆದಲ್ಲೇ ಇತ್ತು. ಅದನ್ನೂ ನಾನೇ ಎಳೆದಿರಬಹುದು. ಬ್ಯಾಂಕಿನಲ್ಲಿ ಸಹಿ ನೋಡುವ ಹಾಗೆ ಒಂದೊಂದನ್ನೂ ನೋಡಿ ಒಂದೊಂದನ್ನೂ ತಳ್ಳಿಹಾಕಿದೆ. ಬಿಸಿಲೇ ತಲೆಗೇರಿರಬೇಕು ಎಂದು ಮುಖ ತೊಳೆದುಕೊಂಡೆ.

ಆದರೆ ಕೆಳಗಿನ ಮನೆಯ ಕಾಕುವನ್ನು ಹೇಗೆ ತಳ್ಳಿಹಾಕಲಿ? ಕಾಕು, ಎಂದರೆ ಚಿಕ್ಕಮ್ಮ ಎಂದು ನಾವು ಕರೆಯುವ ಈ ಮರಾಠಿ ಹೆಂಗಸು, ಬೇಸಿಗೆಯಲ್ಲಿ ಹಪ್ಪಳ ಲಟ್ಟಿಸುತ್ತಾ ಮಧ್ಯಾಹ್ನವೆಲ್ಲ ಬಾಗಿಲು ತೆರೆದಿಟ್ಟು ಮೆಟ್ಟಿಲ ಕಡೆಗೇ ಕೂರುವಳು. ನಾನು ಕೋರಾಡಿಗೆ ಹೊರಟು ಇಳಿಯುತ್ತಿದ್ದಾಗ ಅವಳಾಗಿಯೇ ಕೇಳಿದಳು: ನಿನ್ನ ಆಯಿ ಮಲಗಿದರಾ? ಎಂಥಾ ಗಟ್ಟಿ ಹೆಂಗಸು, ಬಾ ಕೂತು ಹೋಗು ಅಂದರೂ ಕೂರಲಿಲ್ಲ, ಮೆಟ್ಟಿಲ ಕಂಬಿ ಕೂಡ ಹಿಡಿಯದೆ ಹತ್ತಿದರಲ್ಲ! ಅವರು ಇಳಿದು ಹೋದರೇ ಎಂದು ಕೇಳಿದೆ. ಇಲ್ಲವಲ್ಲ, ನಾನಿಲ್ಲೇ ಇದ್ದೇನೆ ಅಂದಳು.

ಕೋರಾಡಿಯಲ್ಲಿ ಅವ್ವ ಎಚ್ಚರವಾಗಿದ್ದಳು. ಮಧ್ಯಾಹ್ನ ನಿದ್ದೆಯಲ್ಲಿ ಬಹಳ ಏದುಸಿರು ಬಿಟ್ಟಳು, ಎಬ್ಬಿಸಿದರೂ ಏಳಲಿಲ್ಲ, ಎಚ್ಚರವಾದಾಗ "ಕಾಲು ಸುಡತಾವು" ಅಂದಳು ಎಂದು ವೈನಿ ಹೇಳಿದಳು. ನಾನು ಅಣ್ಣನನ್ನು ಹೊರಗೆ ಕರೆದು ಕಂಡದ್ದೆಲ್ಲ ಹೇಳಿದೆ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದು ಬೇಡಿಕೊಂಡೆ. "ನಿನ್ನ ಕಣ್ಣಿಗೆ ಏನೋ ಕಂಡಿತಂತ ಅವ್ವನ ಹೊಟ್ಟಿ ಕೊಯ್ಯಿಸಬೇಕೇನು?" ಅಂದ. ಇನ್ನು ಮುಂದೆ ಇಂಥ ಅಪಶಕುನದ ಮಾತು ಹೊತ್ತು ಈ ಮನೆಗೆ ಬರಬೇಡ ಎಂದೂ ಅಂದ. ಹೇಳಿದವಳು ನಾನಾಗಿರದಿದ್ದರೆ ನಾನೂ ಅವನ ಹಾಗೇ ಅನ್ನುತ್ತಿದ್ದೆನೇನೋ. ಆದರೂ ಅವನ ಮೇಲಿನ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಳೆಗಾಲ ಕಳೆದು ರಕ್ತಸ್ರಾವ ಹೆಚ್ಚಾದ ಮೇಲೆ ಅಣ್ಣ ಹೆದರಿ ಒಪ್ಪಿದ. ಈ ಸಲದ ಡಾಕ್ಟರ್ ಹೆಂಗಸು, ನಡುವಯಸ್ಸಿನವರು, ವಯಸ್ಸಾದವರನ್ನೇ ನೋಡುವವರು. ಎಲ್ಲರೂ ದೂರ ನಿಲ್ಲಿ, ಆಜಿಗೇ ಕೇಳುತ್ತೇನೆ, ಆಜಿಯೇ ಹೇಳಲಿ ಅಂದರು. ಈ ಮಾತನ್ನು ಮೊದಲನೆಯವರೇ ಅಂದಿದ್ದರೆ ಅಂದುಕೊಂಡೆ. ಅವ್ವ ಕೈ ಕಟ್ಟಿಕೊಂಡು ಏಳಲು ನೋಡಿದಳು. ಆಗಲಿಲ್ಲ. ಕೈ ಊರಿದಳು. ಆಗಲೂ ಆಗಲಿಲ್ಲ. ಅಷ್ಟು ತಿಂಗಳು ಮಲಗಿಸಿ ಉಣಿಸಿದ ಕಾಲು ಒಣಗಿದ ಜೋಳದ ದಂಟಿನ ಹಾಗಾಗಿತ್ತು. ಎಷ್ಟು ದಿನದಿಂದ ಏಳಲಾಗುತ್ತಿಲ್ಲ ಆಜಿ ಎಂದು ಡಾಕ್ಟರ್ ಕೇಳಿದರು.

ಅವ್ವ ನನ್ನ ಕಡೆ ಕೈ ತೋರಿಸಿ ಕನ್ನಡದಲ್ಲಿ ಹೇಳಿದಳು. "ಬ್ಯಾಸಗ್ಯಾಗ ಎದ್ದಿದ್ನಲ್ಲ, ಈಕಿ ಮನ್ಯಾಗ. ಮ್ಯಾಲಿನ ತನಕ ಹತ್ತಿ ಹೋಗಿ ತೋರ್ಸಿ ಬಂದೆ. ಕೇಳ್ರಿ ಈಕೀನ."

ನಾನು ಆ ಮಧ್ಯಾಹ್ನದ ಬಗ್ಗೆ ಅವ್ವನ ಮುಂದೆ ಒಂದಕ್ಷರ ಆಡಿರಲಿಲ್ಲ. ಆಡಲು ಅಣ್ಣ ಬಿಟ್ಟಿರಲೂ ಇಲ್ಲ. ಏನಂದರು ಎಂದು ಡಾಕ್ಟರ್ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಮರಾಠಿಯಲ್ಲಿ, ಏನಿಲ್ಲ ಡಾಕ್ಟರ್, ವಯಸ್ಸಾಯಿತಲ್ಲ, ಈಗೀಗ ಏನೇನೋ ಮಾತಾಡುತ್ತಾರೆ ಅಂದ. ಅವನ ಮುಖ ಬಿಳಿಚಿಕೊಂಡಿತ್ತು. ಇಲ್ಲ ಡಾಕ್ಟರ್, ಅವ್ವ ಹೇಳಿದ್ದು ನಿಜ, ಬೇಸಿಗೆಯಲ್ಲಿ ಎದ್ದಿದ್ದರು, ನಾನೇ ನೋಡಿದ್ದೇನೆ ಅಂದೆ ನಾನು. ಡಾಕ್ಟರ್ ನಿಟ್ಟುಸಿರುಬಿಟ್ಟು, ಆಗಲೇ ಕರಕೊಂಡು ಬಂದಿದ್ದರೆ ಚೆನ್ನಾಗಿತ್ತು ಅಂದರು. ಅಷ್ಟೇ. ಗಡ್ಡೆ ಯಕೃತ್ತಿಗೆ ಹಬ್ಬಿತ್ತು. ಅವ್ವ ಚಳಿಗಾಲ ದಾಟಲಿಲ್ಲ.

ಆಮೇಲೆ ಬಲ್ಲವರೆಂದು ಹೆಸರಾದ ಕೆಲವರನ್ನು ಕೇಳಿದೆ. ಒಬ್ಬರು, ನಿಮ್ಮ ಆಸೆಯೇ ಕಣ್ಣಿಗೆ ಕಂಡಿದೆ ಅಂದರು. ಹಾಗಾದರೆ ಕಾಕುವಿಗೆ ಏನಾಸೆ ಇತ್ತು? ಇನ್ನೊಬ್ಬರು ಸೂಕ್ಷ್ಮ ಶರೀರ ಅದು ಇದು ಎಂದು ದೊಡ್ಡ ಮಾತಾಡಿದರು. ಸೂಕ್ಷ್ಮ ಶರೀರ ಬರ್ಡಿಯಲ್ಲಿ ಬಸ್ಸು ಬದಲಿಸುತ್ತದೆಯೇ, ನೀರು ಕುಡಿಯುತ್ತದೆಯೇ ಎಂದು ಕೇಳಿದರೆ ಅವರು ಮಾತು ಬದಲಿಸಿದರು. ನನಗಂತೂ ತಿಳಿಯದು.

ತಿಥಿ ಕರ್ಮ ಮುಗಿದ ದಿನ, ಬಂದವರೆಲ್ಲ ಹೋದ ಮೇಲೆ, ಅಣ್ಣ ಹಿತ್ತಲ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ನನ್ನನ್ನು ಕರೆದ. ಪಕ್ಕಕ್ಕೆ ಸರಿದು ಜಾಗ ಕೊಟ್ಟ, ಕೂತೆ. ಆಮೇಲೆ, "ಅವತ್ತ ಅವ್ವ ಖರೇನ ಎದ್ದಿದ್ಲೇನು?" ಅಂದ.

ಹೌದು ಅಂದೆ.

"ಕೈ ಊರಲಾರದ?"

ಊರಲಾರದೆ ಅಂದೆ. ಅವನು ಸಣ್ಣ ಹುಡುಗನ ಹಾಗೆ ಅತ್ತ. ನನಗೆ ಅಳು ಬರಲಿಲ್ಲ, ಸಮಾಧಾನ ಮಾಡಲೂ ಕೈ ಹೋಗಲಿಲ್ಲ. ಅಳು ನಿಂತ ಮೇಲೆ ಮುಖ ಎತ್ತಿ, "ನಾ ದಿನಾ ಅಕಿ ಮಗ್ಗಲದಾಗ ಇದ್ನಲ್ಲ. ಅಷ್ಟ ದೂರ ನಿನ್ನ ಕಡೆ ಬಂದಾಕಿ, ನಂಗ್ಯಾಕ ತೋರಸಲಿಲ್ಲ?" ಎಂದು ಕೇಳಿದ.

ನಾನು ಎದ್ದು ಒಳಗೆ ಬಂದೆ.